ಜೇವರ್ಗಿಯ ವಾಡೆಯಲ್ಲಿ ನಾನೊಬ್ಬಳೇ

ಹೋದ ಶ್ರಾವಣದಲ್ಲಿ ಮೊಮ್ಮಗಳ ಹೊಸ ಮನೆಯ ಗುರುಪ್ರವೇಶಕ್ಕೆಂದು ಜೇವರ್ಗಿಗೆ ಹೋಗಿದ್ದೆ. ಊಟವಾದ ಮೇಲೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಕೈಕಾಲು ಆಡಿಸೋಣವೆಂದು ಮನೆಯ ಹಿಂಬದಿಗೆ ಹೋದರೆ ಒಂದು ಹಳೆಯ ಕಲ್ಲುಗೋಡೆ ಮೊಂಡಾಗಿ ನಿಂತಿತ್ತು. ಮಳೆಯಲ್ಲಿ ನೆನೆದ ಹಳೇ ಸುಣ್ಣದ ವಾಸನೆ, ಅದರ ಜೊತೆಗೆ ಬಾವಲಿ ಹಿಕ್ಕೆಯ ಕಟು ವಾಸನೆ. ಮೂಗಿಗೆ ಅದು ಬಡಿದದ್ದೇ ತಡ, ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ.

"ಯಾಕ ಆಯಿ, ತಲಿ ತಿರುಗತೇನು?" ಎಂದು ಮೊಮ್ಮಗಳು ಓಡಿ ಬಂದಳು.

"ಏನಿಲ್ಲ ಬೇ. ಈ ಜಾಗದಾಗ ನಾ ಎಂಟು ತಿಂಗಳ ಇದ್ದೆ" ಎಂದೆ.

ನಾನು ಜೈಲಿನಲ್ಲಿದ್ದದ್ದು ಅವಳಿಗೆ ಗೊತ್ತು. ಮನೆಯ ಎಲ್ಲರಿಗೂ ಗೊತ್ತು. ಆದರೆ ಆ ಎಂಟು ತಿಂಗಳಲ್ಲಿ ಏನಾಯಿತೆಂಬುದನ್ನು ನಮ್ಮ ಯಜಮಾನರನ್ನು ಬಿಟ್ಟರೆ ಸರಿಯಾಗಿ ಯಾರಿಗೂ ಹೇಳಿಲ್ಲ. ಈಗ ಬರೆದಿಡುತ್ತಿದ್ದೇನೆ.

ನಲವತ್ತೇಳರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ನಾವು ಹೈದರಾಬಾದು ಸಂಸ್ಥಾನದವರು. ಆಳಂದ, ಅಫಜಲಪುರದ ಗಡಿ ದಾಟಿದರೆ ಆ ಕಡೆ ಸ್ವತಂತ್ರ ಹಿಂದೂಸ್ಥಾನ, ಈ ಕಡೆ ನಾವು. ನಮ್ಮ ಮನೆಯವರು ಆ ದೀಪಾವಳಿಯ ಹೊತ್ತಿಗೇ ಮಾದನಹಿಪ್ಪರಗಾದ ಹೊಲಮನೆಯನ್ನು ತಮ್ಮ ಅಪ್ಪನಿಗೆ ಬಿಟ್ಟು ಗಡಿಯಾಚೆಯ ಹೋರಾಟಗಾರರ ಶಿಬಿರ ಸೇರಿದ್ದರು. ಆಗ ನನಗೆ ಇಪ್ಪತ್ತೊಂದು ವರ್ಷ, ಮಕ್ಕಳಿರಲಿಲ್ಲ.

ಶಿಬಿರಕ್ಕೆ ಹಳ್ಳಿಗಳ ಸುದ್ದಿ ಬೇಕಾಗುತ್ತಿತ್ತು. ಗಂಡಸರು ಗಡಿಯ ಕಡೆ ನಡೆದರೆ ಹಿಡಿಯುತ್ತಿದ್ದರು. ತವರಿಗೆ ಹೊರಟ ಹೆಣ್ಣುಮಗಳನ್ನು ಯಾರೂ ತಡೆಯುತ್ತಿರಲಿಲ್ಲ. ನನ್ನ ತವರು ಅಫಜಲಪುರ, ಭೀಮೆಯ ದಂಡೆ. ನರೋಣಾದಲ್ಲಿ ನನ್ನ ಸೋದರಮಾವ ಸಂಗಪ್ಪನ ಮನೆ ಇತ್ತು. ಮಾವ ಹಿಂದಿನ ವರ್ಷ ವಾಂತಿಭೇದಿಯಲ್ಲಿ ತೀರಿಕೊಂಡಿದ್ದ, ಅತ್ತೆ ಒಬ್ಬಳೇ ಇದ್ದಳು. ಅವಳನ್ನು ನೋಡಿಕೊಂಡು ಬರುತ್ತೇನೆಂದು ನರೋಣಾಕ್ಕೆ ಹೋಗುತ್ತಿದ್ದೆ. ಅವಳ ಮಗ್ಗುಲ ಮನೆಯ ಬಡಿಗ ಮಾನಪ್ಪ ಸುತ್ತಲಿನ ಊರುಗಳಿಂದ ಬಂದ ಚೀಟಿಗಳನ್ನು ನನ್ನ ಕೈಗೆ ಕೊಡುತ್ತಿದ್ದ. ನಾನು ಅವನ್ನು ಕೌದಿಯ ಪದರದೊಳಗೆ ಹೊಲಿದು ತವರಿಗೆ ಒಯ್ಯುತ್ತಿದ್ದೆ. ಅಲ್ಲಿ ಒಬ್ಬ ಅಂಬಿಗ ಬಂದು ಕೌದಿ ತೆಗೆದುಕೊಂಡು ಹೋಗುತ್ತಿದ್ದ. ಅವನ ಹೆಸರನ್ನು ನನಗೆ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಹೀಗಾಗಿ ನನಗೆ ಗೊತ್ತಿದ್ದದ್ದು ಒಂದೇ ಹೆಸರು, ಮಾನಪ್ಪನದು. ಅವನಿಗೆ ನಾಲ್ಕು ಹೆಣ್ಣುಮಕ್ಕಳು, ಕೊನೆಯದು ಇನ್ನೂ ತೊಟ್ಟಿಲಲ್ಲಿತ್ತು.

ಎಳ್ಳಮವಾಸ್ಯೆ ಮುಗಿದ ವಾರದಲ್ಲೇ ನಾನು ಸಿಕ್ಕಿಬಿದ್ದೆ. ಅಫಜಲಪುರ ಇನ್ನೇನು ಬಂತು ಎನ್ನುವಾಗ ಸುಂಕದ ನಾಕಾದಲ್ಲಿ ಗಾಡಿ ನಿಲ್ಲಿಸಿದರು. ಒಬ್ಬ ಜವಾನ ಕೌದಿಯನ್ನು ಮುಟ್ಟಿ ನೋಡಿದ, ಮತ್ತೊಮ್ಮೆ ಮುಟ್ಟಿ ನೋಡಿದ, ಆಮೇಲೆ ಚಾಕುವಿನಿಂದ ಸೀಳಿದ. ಮೂರು ಚೀಟಿ ಕೆಳಗೆ ಬಿದ್ದವು.

"ಯಾರ ಕೊಟ್ರು?" ಎಂದ.

"ದಾರ್ಯಾಗ ಯಾರೋ ಕೊಟ್ರುರಿ. ಗುರ್ತ ಇಲ್ರಿ" ಎಂದೆ.

ಅಲ್ಲಿ ಕಪಾಳಕ್ಕೆ ಬಿದ್ದ ಏಟಿಗೆ ನನ್ನ ಎಡಗಿವಿ ಇವತ್ತಿಗೂ ಮಂದ. ದಿನವಿಡೀ ಬಿಸಿಲಿನಲ್ಲಿ ನಿಲ್ಲಿಸಿದರು. ನಾನು ಅದೇ ಮಾತು ಹೇಳಿದೆ. ಮರುದಿನ ಲಾರಿಯಲ್ಲಿ ಕೂರಿಸಿ ಜೇವರ್ಗಿಗೆ ತಂದರು.

ದೊಡ್ಡ ಜೈಲುಗಳೆಲ್ಲ ತುಂಬಿದ್ದರಿಂದ ಜೇವರ್ಗಿಯ ಅಂಚಿನ ಕೋಟೆಯಂಥ ಒಂದು ಪಾಳು ವಾಡೆಯನ್ನೇ ಜೈಲು ಮಾಡಿಕೊಂಡಿದ್ದರು. ಮುಂದಿನ ಅಂಗಳದ ಸುತ್ತಲಿನ ಪಡಸಾಲೆಯಲ್ಲಿ ಗಂಡಸು ಕೈದಿಗಳು ಮೂವತ್ತು ನಲವತ್ತು ಜನ, ಕಾಲು ಚಾಚಲೂ ಜಾಗವಿಲ್ಲದಂತೆ ಇದ್ದರು. ಹಿಂದಿನ ಅಂಗಳದಲ್ಲಿ ಹಿಂದೊಮ್ಮೆ ಕಾಳು ತುಂಬುತ್ತಿದ್ದ ಒಂದು ಕೋಣೆ. ಅದು ನನಗೆ. ಇಡೀ ವಾಡೆಗೆ ನಾನೊಬ್ಬಳೇ ಹೆಣ್ಣು ಕೈದಿ.

ಒಳಗೆ ಹಾಕುವಾಗ ಮೈಮೇಲಿನದೆಲ್ಲ ತೆಗೆಸಿದರು. ಕೊರಳಿನ ಬೆಳ್ಳಿ ಕರಡಿಗೆಗೂ ಜವಾನ ಕೈ ಹಾಕಿದ. ಅದರೊಳಗೆ ನನ್ನ ಇಷ್ಟಲಿಂಗ. ನಾನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಕಸ ಗುಡಿಸಲು, ರೊಟ್ಟಿ ತಂದು ಕೊಡಲು ಹುಸೇನಬೀ ಎಂಬ ವಯಸ್ಸಾದ ಹೆಂಗಸನ್ನು ನೇಮಿಸಿದ್ದರು. ಅವಳು ನಡುವೆ ಬಂದು, "ಅದು ಅವರ ದೇವರ ಅದರಿ ಸಾಹೇಬ್. ಚಾಂದಿ ಬೇಕಾದ್ರ ತಗೋರಿ, ದೇವ್ರಿಗಿ ಬಿಡ್ರಿ" ಎಂದಳು. ಜವಾನ ಬೆಳ್ಳಿಯನ್ನು ಇಟ್ಟುಕೊಂಡ. ಹುಸೇನಬೀ ತನ್ನ ಸೆರಗಿನ ತುದಿಯನ್ನೇ ಹರಿದು ಲಿಂಗವನ್ನು ಅದರಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು.

ಸಂಜೆ ಅಮೀನ ಸಾಹೇಬ ಬಂದ. ಠಾಣೆಯ ದೊಡ್ಡವನು ಅವನೇ. ಮೆತ್ತಗೆ ಮಾತಾಡುವ ಮನುಷ್ಯ, ಬಾಯಲ್ಲಿ ಸದಾ ಪಾನ. ಚೀಟಿಯ ವಿಚಾರ ಒಂದೇ ಸಲ ಕೇಳಿದ. ನಾನು ಅದೇ ಉತ್ತರ ಕೊಟ್ಟೆ. ಪಕ್ಕದಲ್ಲಿದ್ದ ಜವಾನ ಕೈ ಎತ್ತಿದರೆ ಅವನನ್ನು ತಡೆದು, "ಬ್ಯಾಡ. ಹೊಡದ್ರ ಹೆಣ್ಣಮಕ್ಕಳು ಗಟ್ಟಿ ಆಗ್ತಾರ. ಹಂಗೇ ಬಿಡ್ರಿ. ಯಾರೂ ಈಕಿ ಕೂಡ ಒಂದು ಮಾತ ಆಡಬಾರದು. ತಾನೇ ಮಾತಾಡ್ತಾಳ" ಎಂದು ಹೇಳಿ ಹೋದ.

ಆಗ ನನಗೆ ಅದು ದಯೆ ಅನ್ನಿಸಿತು. ಹೊಡೆಯಲಿಲ್ಲವಲ್ಲ ಎಂದುಕೊಂಡೆ.

ನನಗೆ ಕೊಟ್ಟ ಕೆಲಸ ಬೀಸುವುದು. ದಿನಾ ಬೆಳಿಗ್ಗೆ ಜೋಳದ ಚೀಲ ತಂದು ಇಡುತ್ತಿದ್ದರು. ಎಲ್ಲಾ ಕೈದಿಗಳ ರೊಟ್ಟಿಯ ಹಿಟ್ಟು ನಾನೇ ಬೀಸಬೇಕು. ಜೋಳ ಹುಳ ಹಿಡಿದದ್ದು, ಅರ್ಧ ಹೊಟ್ಟು. ಅದೇ ರೊಟ್ಟಿ ಮಧ್ಯಾಹ್ನ ನನಗೂ ಬರುತ್ತಿತ್ತು, ಜೊತೆಗೆ ನೀರಿನಂಥ ಬೇಳೆ. ಬೀಸುವಾಗ ಹಾಡುವುದು ನಮ್ಮ ರೂಢಿ. ಮೊದಲ ದಿನ ಎರಡು ಸಾಲು ಹಾಡಿದೆನೋ ಇಲ್ಲವೋ, ಬಾಗಿಲಿಗೆ ಲಾಠಿಯ ಏಟು ಬಿತ್ತು. ಆಮೇಲೆ ತುಟಿ ಮುಚ್ಚಿಕೊಂಡು ಬೀಸಿದೆ. ಹಾಡಿಲ್ಲದೆ ಬೀಸುವ ಕಲ್ಲು ಎಷ್ಟು ಭಾರವೆಂದು ಬೀಸಿದವರಿಗೇ ಗೊತ್ತು.

ಹುಸೇನಬೀ ಒಳ್ಳೆಯವಳು. ಮೊದಮೊದಲು ಕಸ ಗುಡಿಸುತ್ತ, ನನ್ನ ಕಡೆ ನೋಡದೆ, ಏನಾದರೊಂದು ಹೇಳುತ್ತಿದ್ದಳು. "ನಾ ನಿನ್ನ ಕೂಡ ಮಾತಾಡಾಕತ್ತಿಲ್ಲವ್ವಾ. ಕಸಬರಿಗಿ ಕೂಡ ಮಾತಾಡಾಕತ್ತೇನಿ. ಏ ಕಸಬರಿಗಿ, ಇವತ್ತ ಹೊರಗ ಭಾಳ ಥಂಡಿ ಅದ ನೋಡು. ಕುಸುಬಿ ಹೂ ಬಿಟ್ಟಾವ." ನಾನು ನಕ್ಕರೆ ಅವಳೂ ಮುಸುಕಿನೊಳಗೆ ನಗುತ್ತಿದ್ದಳು. ಅದೂ ಬಹಳ ದಿನ ನಡೆಯಲಿಲ್ಲ. ಯಾರೋ ಕೇಳಿಸಿಕೊಂಡರು. ಅವಳ ಮಗ ಅಲ್ಲೇ ಪಹರೆಯವನು. ತಾಯಿ ಮಾತಾಡಿದರೆ ಮಗನ ನೌಕರಿ ಹೋಗುತ್ತದೆಂದು ಹೆದರಿಸಿದರು. ಅಂದಿನಿಂದ ಅವಳು ರೊಟ್ಟಿ ಇಟ್ಟು, ನೀರು ಇಟ್ಟು, ತಲೆ ತಗ್ಗಿಸಿ ಹೋಗುತ್ತಿದ್ದಳು. ಅವಳ ಪಾದ ಮಾತ್ರ ನೋಡುತ್ತಿದ್ದೆ.

ಒಂಟಿತನವೆಂದರೆ ಬೇಸರ ಎಂದು ತಿಳಿದಿದ್ದೆ. ಅದು ಬೇಸರವಲ್ಲ, ಹಸಿವು. ಮೊದಲು ಮಾತಿಗಾಗಿ ಹಸಿವಾಗುತ್ತದೆ. ಆಮೇಲೆ ಯಾರದಾದರೂ ಮುಖಕ್ಕಾಗಿ. ಬೆಳಕಿಂಡಿಯಲ್ಲಿ ಬೇವಿನ ಮರದ ತುದಿ ಕಾಣುತ್ತಿತ್ತು, ಅದರಲ್ಲಿ ಕೂರುವ ಕಾಗೆಗಳಲ್ಲಿ ಒಂದಕ್ಕೆ ಅತ್ತೆ, ಒಂದಕ್ಕೆ ನಾದಿನಿ ಎಂದು ಹೆಸರಿಟ್ಟುಕೊಂಡೆ. ತೀರಿಹೋದ ನನ್ನ ಅವ್ವನ ಜೊತೆ ಮನಸ್ಸಿನಲ್ಲೇ ಜಗಳ ಆಡಿದೆ. ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟು ಕೂತಾಗ ಮಾತ್ರ ಮನಸ್ಸು ನಿಲ್ಲುತ್ತಿತ್ತು. ಗಂಡಸು ಕೈದಿಗಳಿಗೆ ಹೊಡೆಯುವ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಸಂಜೆಗೆ ಅದೇ ಗೋಡೆಯಾಚೆ ಅವರು ತಗ್ಗಿದ ದನಿಯಲ್ಲಿ ಭಜನೆ ಹೇಳುತ್ತಿದ್ದರು, ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡು ನಗುತ್ತಿದ್ದರು. ಹೇಳಬಾರದು, ಆದರೂ ಹೇಳುತ್ತೇನೆ: ಆ ಏಟು ತಿಂದರೂ ಸರಿ, ಆ ಗುಂಪಿನಲ್ಲಿ ಇರಬಾರದಿತ್ತೇ ಎಂದು ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಮಾಘದಲ್ಲಿ ನನಗೆ ಜ್ವರ ಬಂತು. ಎರಡು ದಿನ ಬೀಸುವ ಕಲ್ಲು ನಿಂತಿತು. ಮೂರನೆಯ ದಿನ ಮಧ್ಯಾಹ್ನ ಗೋಡೆಯ ಆ ಕಡೆಯಿಂದ ಒಬ್ಬ ಗಂಡಸಿನ ದನಿ ಬಂತು. "ಬೀಸೋ ತಾಯಿ, ಆರಾಮ ಅದಿರೇನ್ರಿ?"

ನನ್ನನ್ನೇ ಕೇಳುತ್ತಿದ್ದಾರೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎದ್ದು ಗೋಡೆಗೆ ಮುಖವಿಟ್ಟು "ಅದೀನ್ರಿ" ಎನ್ನಲು ಹೋದೆ. ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಎಷ್ಟೋ ದಿನದಿಂದ ಮಾತಾಡದೆ ಗಂಟಲು ಕಟ್ಟಿಕೊಂಡಿತ್ತು. ಅವರು ಮತ್ತೊಮ್ಮೆ ಕೇಳಿದರು. ಅಷ್ಟರಲ್ಲಿ ಬೂಟಿನ ಸದ್ದು, ಏಟಿನ ಸದ್ದು. ಆ ದನಿ ಮತ್ತೆ ಕೇಳಲಿಲ್ಲ. ನಾನು ಜ್ವರದಲ್ಲೇ ಹೋಗಿ ಕಲ್ಲಿನ ಮುಂದೆ ಕೂತು ಖಾಲಿ ಕಲ್ಲನ್ನೇ ತಿರುಗಿಸಿದೆ. ಇದ್ದೇನೆ ಎಂದು ಹೇಳಲು ನನಗೆ ಬೇರೆ ದಾರಿ ಇರಲಿಲ್ಲ.

ಯುಗಾದಿ ಮುಗಿದ ಮೇಲೆ, ಗೋಡೆಗಳು ಕಾದ ಹಂಚಿನಂತಾಗಿದ್ದ ಒಂದು ದಿನ, ಬಾಗಿಲು ತೆಗೆದು ಒಬ್ಬ ಹೆಂಗಸನ್ನು ಒಳಗೆ ದೂಡಿದರು. ತೆಳ್ಳಗೆ, ಕಪ್ಪಗೆ, ಮೂವತ್ತರ ಆಸುಪಾಸಿನವಳು. ಕಣ್ಣು ಚುರುಕು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಗ ಬಾಯಿ, ನಿನ್ನ ತಲ್ಯಾಗ ಎಷ್ಟು ಹೇನ ಅದಾವ. ಬಾ ಇಲ್ಲಿ, ಕೂಡು" ಎಂದಳು.

ತುಳಸಾ ಎಂದು ಹೆಸರು ಹೇಳಿದಳು. ಅಕ್ಕಲಕೋಟೆಯ ಕಡೆಯವಳಂತೆ, ಮಾತಿನಲ್ಲಿ ಅರ್ಧ ಮರಾಠಿ. ಯಾರದೋ ಮನೆಯ ತಾಮ್ರದ ಹಂಡೆ ಕದ್ದು ಸಿಕ್ಕಿಬಿದ್ದಿದ್ದಳು. "ಕದ್ದದ್ದು ಖರೇನೇ ಅದ" ಎಂದು ತಾನಾಗಿಯೇ ಹೇಳಿದಳು. "ಮನ್ಯಾಗ ಎರಡ ಕೂಸ ಅದಾವ. ಅವ್ರಪ್ಪ ಇಲ್ಲ."

ಅವಳು ನನ್ನ ಕೂದಲಿಗೆ ಕೈ ಹಾಕಿದಾಗ ನಾನು ಅಳಲು ಶುರುಮಾಡಿದೆ. ಮೂರು ತಿಂಗಳ ಮೇಲೆ ಒಂದು ಮನುಷ್ಯ ಜೀವ ನನ್ನನ್ನು ಮುಟ್ಟಿತ್ತು. ಅವಳು ಏನೂ ಕೇಳದೆ ಹೇನು ತೆಗೆಯುತ್ತ ಕೂತಳು.

ಮರುದಿನದಿಂದ ಕಲ್ಲಿಗೆ ಇಬ್ಬರು ಕೂತೆವು. ನಾವು ಮಾತಾಡಿದರೂ ಈಗ ಯಾರೂ ಬಾಗಿಲು ಬಡಿಯಲಿಲ್ಲ. ಅದೇಕೆಂದು ನಾನು ಯೋಚಿಸಲಿಲ್ಲ. ಯೋಚಿಸಬೇಕಿತ್ತು. ಮಾತು ನನ್ನ ಬಾಯಿಂದ ಕಟ್ಟೆ ಒಡೆದ ನೀರಿನಂತೆ ಹರಿಯಿತು. ತವರಿನ ಹೊಳೆ, ಮದುವೆಯ ದಿನದ ಮಳೆ, ನಮ್ಮ ಮನೆಯವರ ಸಿಟ್ಟು, ಸತ್ತ ಸೋದರಮಾವ, ನರೋಣಾದ ಸಂಗಪ್ಪ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಒಯ್ಯುತ್ತಿದ್ದದ್ದು, ಎಲ್ಲ ಹೇಳಿದೆ. ತುಳಸಾ ನಡುನಡುವೆ, "ಮತ್ತ ಆ ಚೀಟಿ ಯಾರ ಕೊಟ್ಟಿದ್ರು ಅಕ್ಕಾ?" ಎಂದು ಕೇಳುತ್ತಿದ್ದಳು. "ಗುರ್ತ ಇಲ್ಲ" ಎನ್ನುತ್ತಿದ್ದೆ. ಅಷ್ಟು ಎಚ್ಚರ ಇತ್ತು. ಒಂದೆರಡು ವಾರದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ತನ್ನ ಪಾಲಿನ ರೊಟ್ಟಿಯಲ್ಲಿ ಮೆತ್ತಗಿನ ಭಾಗ ನನಗೆ ಮುರಿದು ಕೊಡುತ್ತಿದ್ದಳು. ಮಕ್ಕಳ ನೆನಪಾದಾಗ ಕಲ್ಲು ಬಿಟ್ಟು ಗೋಡೆ ಕಡೆ ತಿರುಗಿ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಹಾಗೆ ಕೂತಿದ್ದಾಗ ಸಮಾಧಾನ ಮಾಡಲು ಹೋದೆ. "ಕೂಸಗೋಳ ಸಲುವಾಗಿ ಅಳಾಕಿ ನೀ ಒಬ್ಬಾಕೇ ಅಲ್ಲ ತುಳಸಾ. ನರೋಣಾದಾಗ ಬಡಿಗೇರ ಮಾನಪ್ಪಗ ನಾಕು ಹೆಣ್ಣಮಕ್ಕಳು. ಅಂವ ಇಷ್ಟು ಧೈರ್ಯ ಮಾಡಿ ನನ್ನ ಕೈಯಾಗ ಚೀಟಿ ಕೊಡ್ತಿದ್ದ. ನಾ ಬಾಯಿ ಬಿಟ್ರ ಆ ಕೂಸಗೋಳ ಗತಿ ಏನು ಅಂತ ನಾನೂ ದಿನಾ ಅಳ್ತೇನಿ" ಎಂದೆ.

ಹೇಳಿ ಮುಗಿದ ಮೇಲೆ ಹೇಳಿದ್ದೇನೆಂದು ನನಗೆ ಕೇಳಿಸಿತು.

ತುಳಸಾ ನಿಧಾನ ತಿರುಗಿದಳು. "ಹೆಸರ ಯಾಕ ಹೇಳ್ದಿ ಅಕ್ಕಾ? ನಾ ಕೇಳೂದು ಬಿಟ್ಟಿದ್ನಲ್ಲ."

ಆಮೇಲೆ ಅವಳೇ ಎಲ್ಲ ಹೇಳಿದಳು. ಅಮೀನ ಸಾಹೇಬ ಅವಳನ್ನು ಬೇಕೆಂದೇ ನನ್ನ ಜೊತೆ ಇಟ್ಟಿದ್ದ. ಹೆಸರು ತಂದರೆ ಮನೆಗೆ ಬಿಡುತ್ತೇನೆ, ಇಲ್ಲದಿದ್ದರೆ ಎರಡು ವರ್ಷ ಎಂದಿದ್ದ. ಎಂಟು ದಿನಕ್ಕೊಮ್ಮೆ ನೀರು ತರುವ ನೆವದಲ್ಲಿ ಅವಳನ್ನು ಹೊರಗೆ ಕರೆದು ಕೇಳುತ್ತಿದ್ದರು. "ಇಷ್ಟು ದಿನ ಏನೂ ಗೊತ್ತಿಲ್ಲ ಅಂತ ಖರೇನೇ ಹೇಳಿ ಬಂದೆ. ಈಗ ಗೊತ್ತದ. ನಾ ಏನ ಮಾಡ್ಲಿ?"

ನಾನು ಅವಳ ಕಾಲು ಹಿಡಿದೆ. "ಹೇಳಬ್ಯಾಡ ತುಳಸಾ."

"ನನಗೂ ಮನಿಗಿ ಹೋಗಬೇಕಾಗ್ಯದ ಅಕ್ಕಾ" ಎಂದು ಕಾಲು ಬಿಡಿಸಿಕೊಂಡಳು. ಮುಂದೆ ನಾಲ್ಕು ದಿನ ನಾವಿಬ್ಬರೂ ಒಂದೇ ಕಲ್ಲಿನ ಎರಡು ಬದಿ ಕೂತು, ಒಂದೇ ಗೂಟ ಹಿಡಿದು, ಒಂದು ಮಾತೂ ಆಡದೆ ಬೀಸಿದೆವು. ಐದನೆಯ ದಿನ ಬೆಳಿಗ್ಗೆ ಅವಳನ್ನು ಕರೆದರು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. ನನ್ನ ಕಡೆ ನೋಡಲಿಲ್ಲ. ಮತ್ತೆ ಅವಳು ಆ ಕೋಣೆಗೆ ಬರಲಿಲ್ಲ.

ಅಲ್ಲಿಂದ ಮುಂದಿನ ದಿನಗಳ ಲೆಕ್ಕ ನನಗಿಲ್ಲ. ಮೃಗಶಿರ ಮಳೆ ಬಂತು, ಕೋಣೆಯ ಸುಣ್ಣ ನೆನೆದು ಉದುರಿತು, ಬಾವಲಿಗಳು ಒಳಗೆ ಬಂದು ಜೋತುಬಿದ್ದವು. ಅಮೀನ ನನ್ನನ್ನು ಕರೆಯಲಿಲ್ಲ, ಏನೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೇ ನನಗೆ ಖಾತ್ರಿಯಾಯಿತು, ಅವನಿಗೆ ಬೇಕಾದದ್ದು ಸಿಕ್ಕಿದೆ ಎಂದು. ಮುಂದಿನ ಅಂಗಳದಲ್ಲಿ ಯಾರಾದರೂ ಕೂಗಿದರೆ ಮಾನಪ್ಪನೇ ಎಂದು ಕಿವಿಗೊಡುತ್ತಿದ್ದೆ. ಒಮ್ಮೆ ಹುಸೇನಬೀಯ ಸೆರಗು ಹಿಡಿದು, "ನರೋಣಾದವರ ಯಾರರ ಬಂದಾರೇನು, ಅಷ್ಟೇ ಹೇಳು" ಎಂದೆ. ಅವಳು ಸೆರಗು ಬಿಡಿಸಿಕೊಂಡು ಅಳುತ್ತ ಹೋದಳು. ಲಿಂಗವನ್ನು ಕೈಗೆ ತೆಗೆದುಕೊಳ್ಳಲು ನಾಚಿಕೆಯಾಗುತ್ತಿತ್ತು. ತೆಗೆದುಕೊಳ್ಳುತ್ತಿದ್ದೆ, ಆದರೆ ಕಣ್ಣು ಮುಚ್ಚಲಾಗುತ್ತಿರಲಿಲ್ಲ. ಮುಚ್ಚಿದರೆ ನಾಲ್ಕು ಹೆಣ್ಣುಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು.

ಭಾದ್ರಪದದಲ್ಲಿ ಆಕಾಶದಲ್ಲಿ ವಿಮಾನಗಳ ಸದ್ದು ಕೇಳತೊಡಗಿತು. ಹಿಂದೂಸ್ಥಾನದ ಸೈನ್ಯ ಗಡಿ ದಾಟಿ ಬಂದದ್ದು ನನಗೆ ಆಮೇಲೆ ತಿಳಿಯಿತು. ನಾಲ್ಕೈದು ದಿನಕ್ಕೆ ಒಂದು ಬೆಳಿಗ್ಗೆ ಪಹರೆಯ ಸದ್ದೇ ಇಲ್ಲ. ಸ್ವಲ್ಪ ಹೊತ್ತಿಗೆ ಊರ ಜನ ಬಂದು ಮುಂಬಾಗಿಲು ಮುರಿದರು. ಜಯಕಾರ ಕೇಳಿಸಿತು, ಕೈದಿಗಳು ನಗುತ್ತ ಅಳುತ್ತ ಹೊರಗೆ ಹೋದದ್ದು ಕೇಳಿಸಿತು. ಆ ಸದ್ದು ಬೀದಿಯಗುಂಟ ದೂರವಾಯಿತು. ಹಿಂದಿನ ಅಂಗಳದಲ್ಲಿ ಒಬ್ಬ ಹೆಣ್ಣು ಇದ್ದಾಳೆಂದು ಯಾರಿಗೂ ನೆನಪಾಗಲಿಲ್ಲ. ನಾನೂ ಕೂಗಲಿಲ್ಲ. ಹೊರಗೆ ಹೋಗಿ ಯಾರ ಮುಖ ನೋಡಲಿ ಎಂದು ಕೂತೇ ಇದ್ದೆ.

ಮಧ್ಯಾಹ್ನ ಕೀಲಿ ತಿರುಗಿದ ಸದ್ದಾಯಿತು. ಹುಸೇನಬೀ. "ನಡಿಯವ್ವಾ, ನಿಮ್ಮ ರಾಜ್ಯ ಬಂತು" ಎಂದಳು. ಮಗ ಎಲ್ಲಿಗೋ ಓಡಿಹೋಗಿದ್ದ. ಊರಿನಲ್ಲಿ ಜೈಲಿನ ಪಹರೆಯವರನ್ನು ಹುಡುಕಿ ಹೊಡೆಯುತ್ತಿದ್ದರು, ಜೈಲಿಗೆ ಸಂಬಂಧವಿಲ್ಲದ ಸಾಬರನ್ನೂ ಹೊಡೆಯುತ್ತಿದ್ದರು. ಆದರೂ ಅವಳು ನನ್ನನ್ನು ಬಿಡಿಸಲು ಬಂದಿದ್ದಳು. ನಾನು ಅವಳ ಕೈ ಹಿಡಿದುಕೊಂಡು ಅವಳ ಓಣಿಯ ತನಕ ನಡೆದೆ. ದಾರಿಯಲ್ಲಿ ಕೋಲು ಹಿಡಿದ ನಾಲ್ವರು ಅಡ್ಡ ಬಂದರು. "ಈಕಿ ನಮ್ಮವ್ವ. ನಾ ಜೈಲಿನಿಂದ ಬಂದಾಕಿ" ಎಂದೆ. ನನ್ನ ಅವಸ್ಥೆ ನೋಡಿ ದಾರಿ ಬಿಟ್ಟರು. ತುಳಸಾಳ ವಿಷಯ ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಉತ್ತರಕ್ಕೆ ಹೆದರಿ ಕೇಳಲಿಲ್ಲ.

ನನ್ನ ಮನೆಗೆ ಹೋಗಲಿಲ್ಲ. ಸಿಕ್ಕ ಗಾಡಿ ಹತ್ತುತ್ತ, ಉಳಿದದ್ದು ನಡೆಯುತ್ತ ಮೂರು ದಿನಕ್ಕೆ ನರೋಣಾ ಮುಟ್ಟಿದೆ. ಮಾನಪ್ಪನ ಮನೆಯ ಓಣಿ ತಿರುಗುವ ಮೊದಲು ಕಾಲು ನಿಂತುಬಿಟ್ಟವು. ಆಗ ಉಜ್ಜುಗೊರಡು ಎಳೆಯುವ ಸದ್ದು ಕೇಳಿಸಿತು. ಮಾನಪ್ಪ ಕಟ್ಟೆಯ ಮೇಲೆ ಕೂತು ಕುಂಟೆಯ ದಿಂಡು ನಯ ಮಾಡುತ್ತಿದ್ದ. ನನ್ನನ್ನು ನೋಡಿ ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ಉಜ್ಜುಗೊರಡು ಕೆಳಗಿಟ್ಟು ಎರಡೂ ಕೈ ಮುಗಿದ.

"ನಿನ್ನ ಕೇಳ್ಕೊಂಡ ಯಾರೂ ಬರಲಿಲ್ಲೇನಣ್ಣಾ?" ಎಂದೆ.

"ಇಲ್ಲವ್ವಾ. ಬ್ಯಾಸಗ್ಯಾಗ ಜೇವರ್ಗಿ ಪೊಲೀಸರ ಬಂದಿದ್ರು. ಆದ್ರ ನಿಮ್ಮ ಮಾವ ಸಂಗಪ್ಪಗ ಕೇಳ್ಕೊಂಡ ಬಂದಿದ್ರು. ಚೀಟಿ ಕೊಡಾಂವ ಅವನೇ ಅಂತ ಖಬರ ಬಂದದಂತ. ನಿಮ್ಮತ್ತಿ ಅವರಿಗಿ ಹೊಲಕ್ಕ ಕರಕೊಂಡ ಹೋಗಿ ಸಮಾಧಿ ತೋರ್ಸಿದ್ಲು."

ನಾನು ಆ ಕಟ್ಟೆಯ ಕೆಳಗೆ, ಕೆತ್ತಿದ ಹೊಟ್ಟಿನ ಮೇಲೆ ಕುಸಿದೆ.

ಸಂಕ್ರಾಂತಿಯ ಹೊತ್ತಿಗೆ ಎಲ್ಲ ತಣ್ಣಗಾದ ಮೇಲೆ ಹುಸೇನಬೀಯನ್ನು ಹುಡುಕಿಕೊಂಡು ಹೋದೆ. ಅವಳು ಹೇಳಿದ್ದು ಇಷ್ಟೆ. ಅಮೀನ ನರೋಣಾಕ್ಕೆ ಹೋಗಿ ಬಂದ ದಿನ ತುಳಸಾಳನ್ನು ಠಾಣೆಯಲ್ಲಿ ಹೊಡೆದರು. ಸತ್ತವನ ಹೆಸರು ಯಾಕೆ ಹೇಳಿದೆ ಎಂದು ಕೇಳಿ ಕೇಳಿ ಹೊಡೆದರು. ತುಳಸಾ ಮಾತ್ರ, ಆಕೆ ನನಗೆ ಹೇಳಿದ್ದು ಅದೇ ಹೆಸರು, ಬೇರೆ ಗೊತ್ತಿಲ್ಲ ಎಂದೇ ಹೇಳಿದಳು. ಮನೆಗೆ ಹೋಗುವ ಆಸೆಗೆ ಇವಳೇ ಹೆಸರು ಕಟ್ಟಿ ಹೇಳಿದ್ದಾಳೆಂದು ತಿಳಿದ ಅಮೀನ ನನ್ನನ್ನು ಕೇಳುವ ಗೋಜಿಗೆ ಹೋಗಲಿಲ್ಲವಂತೆ. "ನಡ್ಯಾಕ ಬರಲಾರದಂಗ ಆಗಿತ್ತವ್ವಾ. ಗಾಡ್ಯಾಗ ಹಾಕ್ಕೊಂಡ ಬ್ಯಾರೆ ಜೈಲಿಗಿ ಒಯ್ದ್ರು. ಯಾವ ಜೈಲಿಗಿ ಅಂತ ನನಗ ತಿಳೀಲಿಲ್ಲ."

ಹತ್ತು ವರ್ಷ ಹುಡುಕಿದೆ. ಅಕ್ಕಲಕೋಟೆಯ ಕಡೆಯ ಊರೂರಿಗೆ, ಸಂತೆ ಸಂತೆಗೆ ಹೋಗಿ ಕೇಳಿದೆ. ಇಬ್ಬರು ಮಕ್ಕಳ ತುಳಸಾ ಯಾರಿಗೂ ಗೊತ್ತಿರಲಿಲ್ಲ. ಆ ಹೆಸರೂ ಅವಳದು ಹೌದೋ ಅಲ್ಲವೋ. ನಮ್ಮ ಮನೆಯವರಿಗೆ ನಡೆದದ್ದನ್ನೆಲ್ಲ ಹೇಳಿದ್ದೆ. ಅವರು, "ನೀ ಹೆಸರ ಹೇಳಿದ್ದಿ ಅಂಬೂದು ಯಾರ ಮುಂದೂ ಅನಬ್ಯಾಡ" ಎಂದರು. ಅವರು ಇರುವ ತನಕ ಅನ್ನಲಿಲ್ಲ.

ಅವರು ಹೋದ ಮೇಲೆ ಆಳಂದದಲ್ಲಿ ಹೋರಾಟಗಾರರಿಗೆ ಸನ್ಮಾನ ಇಟ್ಟುಕೊಂಡರು. ನನಗೂ ಶಾಲು ಹೊದಿಸಿದರು. ಭಾಷಣ ಮಾಡಿದ ಮಾಸ್ತರರು, "ಈ ತಾಯಿ ಎಂಟು ತಿಂಗಳು ಸೆರೆಯಲ್ಲಿದ್ದರೂ ತಮ್ಮ ಸಂಗಡಿಗರ ಹೆಸರನ್ನು ಒಬ್ಬರ ಮುಂದೂ ಬಾಯಿಬಿಡಲಿಲ್ಲ" ಎಂದರು. ನಾನು ಎದ್ದು ನಿಂತೆ. ಮೈಕು ನನ್ನ ಮುಂದೆ ತಂದು ಹಿಡಿದರು.

"ನಾ ಹೇಳೀನ್ರಿ" ಎಂದೆ. "ಹೆಸರ ಹೇಳಿದಾಕಿ ನಾನು. ಹೇಳಲಾರದಾಕಿ ತುಳಸಾ ಅಂತ, ಹಂಡೆ ಕದ್ದು ಜೈಲಿಗಿ ಬಂದಾಕಿ. ಶಾಲು ಆಕಿದು."

ಮಾಸ್ತರರು ಮೈಕು ತೆಗೆದುಕೊಂಡು, "ನೋಡಿರಿ, ಎಂಥ ದೊಡ್ಡ ಮನಸ್ಸು" ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಬಹಳ ಹೊತ್ತು ತಟ್ಟಿದರು.